ರಿಪೇರಿಗೆ ಬಂದ ಪುಟ್ಟ ಯಂತ್ರ ಮತ್ತು ಜೇಮ್ಸ್ ವ್ಯಾಟ್



ನಿಮ್ಮ ಮನೆಯಲ್ಲಿ ಉರಿಯುವ ಬಲ್ಬಿನ ಮೇಲೆ ಏನು ಬರೆದಿದೆ ಎಂದು ಎಂದಾದರೂ ಗಮನಿಸಿದ್ದೀರಾ? 9 ವ್ಯಾಟ್, 40 ವ್ಯಾಟ್, 60 ವ್ಯಾಟ್ ಎಂದು ಬರೆದಿರುತ್ತದೆ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಜಲವಿದ್ಯುತ್ ಉತ್ಪಾದನೆ ಆರಂಭವಾಗಿ, ಆ ವಿದ್ಯುತ್ತು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು ಎಂಬುದು ನಮಗೆಲ್ಲ ಹೆಮ್ಮೆಯ ವಿಷಯ. ಅಲ್ಲಿ ಹುಟ್ಟುವ ಶಕ್ತಿಯನ್ನು ಅಳೆಯುವುದೂ ಇದೇ ವ್ಯಾಟ್ ಎಂಬ ಮಾನದಿಂದಲೇ. ಈ ಹೆಸರು ಒಬ್ಬ ಮನುಷ್ಯನದು. ಆತ ರಾಜನಲ್ಲ, ಸೇನಾಪತಿಯಲ್ಲ, ದೊಡ್ಡ ಪದವಿ ಪಡೆದ ಪಂಡಿತನೂ ಅಲ್ಲ. ಕೆಟ್ಟುಹೋದ ಉಪಕರಣಗಳನ್ನು ರಿಪೇರಿ ಮಾಡುತ್ತಿದ್ದ ಒಬ್ಬ ಕುಶಲಕರ್ಮಿ. ಆತನೇ ಜೇಮ್ಸ್ ವ್ಯಾಟ್.

ಆತನ ಬಗ್ಗೆ ಬರೆಯಬೇಕೆಂದು ನನಗೆ ಅನ್ನಿಸಿದ್ದಕ್ಕೆ ಒಂದು ಕಾರಣವಿದೆ. ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ, ವಿಜ್ಞಾನದವನಲ್ಲ. ಕೆಲವು ವರ್ಷಗಳ ಹಿಂದೆ ಶಾಲಾ ವಿಜ್ಞಾನ ಪ್ರದರ್ಶನದ ಉಸ್ತುವಾರಿ ನನ್ನ ಪಾಲಿಗೆ ಬಂದಿತ್ತು. ಎಂಟನೇ ತರಗತಿಯ ಒಬ್ಬ ಹುಡುಗ ಹಳೆಯ ತಗಡಿನ ಡಬ್ಬಿ, ತಾಮ್ರದ ಸಣ್ಣ ಕೊಳವೆ ಮತ್ತು ಸೈಕಲ್ ಪಂಪಿನ ತುಂಡು ಸೇರಿಸಿ ಒಂದು ಉಗಿಯಂತ್ರದ ಮಾದರಿ ತಯಾರಿಸಿ ತಂದ. ಕೆಳಗೆ ದೀಪ ಹಚ್ಚಿದರೆ ಡಬ್ಬಿಯ ಅಂಚಿನಿಂದ ಬುಸ್ಸೆಂದು ಉಗಿ ಸೋರುತ್ತಿತ್ತು, ಚಕ್ರ ಮಾತ್ರ ತಿರುಗುತ್ತಿರಲಿಲ್ಲ. ನಲ್ಲಿ ಸೋರಿದರೆ ಹಚ್ಚುವ ಅಂಟನ್ನು ಹಚ್ಚಿದ, ಬಿಸಿಗೆ ಅದು ಬಿಟ್ಟುಕೊಂಡಿತು. ಬೆಸುಗೆ ಹಾಕಿಸಿಕೊಂಡು ಬಂದ, ನೀರು ಆರಿದ ಮೇಲೂ ದೀಪ ಉರಿಯುತ್ತಿದ್ದುದರಿಂದ ಬೆಸುಗೆಯೇ ಕರಗಿ ಹೋಯಿತು. ಸಮಯ ಕಡಿಮೆಯಿತ್ತು, ನನಗೆ ತಾಳ್ಮೆಯೂ ಕಡಿಮೆಯಿತ್ತು. ಇದನ್ನು ಬದಿಗಿಟ್ಟು ಒಂದು ಚಾರ್ಟ್ ಬರೆದುಕೊಂಡು ಬಾ ಎಂದುಬಿಟ್ಟೆ. ಹುಡುಗ ಚಾರ್ಟನ್ನೂ ತರಲಿಲ್ಲ, ಮರುವರ್ಷ ಪ್ರದರ್ಶನಕ್ಕೆ ಹೆಸರನ್ನೂ ಕೊಡಲಿಲ್ಲ. ಆಮೇಲೆ ಜೇಮ್ಸ್ ವ್ಯಾಟ್‌ನ ಜೀವನ ಓದುವಾಗ ನನ್ನ ತಪ್ಪು ನನಗೆ ತಿಳಿಯಿತು. ಏಕೆಂದರೆ ವ್ಯಾಟ್‌ನ ಕಥೆ ಆರಂಭವಾಗುವುದೇ ಸರಿಯಾಗಿ ಓಡದ ಒಂದು ಮಾದರಿ ಯಂತ್ರದಿಂದ.

ಬಾಲ್ಯ

ಜೇಮ್ಸ್ ವ್ಯಾಟ್ ಜನಿಸಿದ್ದು 1736ರ ಜನವರಿ 19ರಂದು, ಸ್ಕಾಟ್ಲೆಂಡಿನ ಗ್ರೀನಾಕ್ ಎಂಬ ಬಂದರು ಪಟ್ಟಣದಲ್ಲಿ. ಅಜ್ಜ ಥಾಮಸ್ ವ್ಯಾಟ್ ಗಣಿತದ ಮೇಷ್ಟರು. ತಂದೆಯ ಹೆಸರೂ ಜೇಮ್ಸ್ ಎಂದೇ. ಆತ ಹಡಗು ಕಟ್ಟುವ, ಹಡಗಿಗೆ ಬೇಕಾದ ಸಾಮಾನು ಪೂರೈಸುವ ವ್ಯಾಪಾರಿ. ತಾಯಿ ಆಗ್ನೆಸ್ ಮ್ಯೂರ್‌ಹೆಡ್ ಓದುಬರಹ ಬಲ್ಲ ಹೆಣ್ಣುಮಗಳು. ಮಗು ವ್ಯಾಟ್ ಬಹಳ ನಿತ್ರಾಣಿ. ಪದೇ ಪದೇ ತಲೆನೋವು, ಕಾಯಿಲೆ. ಆದುದರಿಂದ ಆರಂಭದ ವರ್ಷಗಳಲ್ಲಿ ಶಾಲೆಗೆ ಸರಿಯಾಗಿ ಹೋಗಲಾಗಲಿಲ್ಲ. ತಾಯಿಯೇ ಮನೆಯಲ್ಲಿ ಅಕ್ಷರ ಕಲಿಸಿದಳು. ತಂದೆ ತನ್ನ ಕಾರ್ಯಾಗಾರದ ಒಂದು ಮೂಲೆಯಲ್ಲಿ ಮಗನಿಗೆಂದು ಸಣ್ಣ ಸಣ್ಣ ಉಪಕರಣಗಳನ್ನು ಜೋಡಿಸಿಕೊಟ್ಟ. ಹುಡುಗ ಅಲ್ಲಿ ಕುಳಿತು ಸಣ್ಣ ಮಾದರಿಗಳನ್ನು ತಯಾರಿಸುತ್ತಿದ್ದ. ಮುಂದೆ ಶಾಲೆಗೆ ಸೇರಿದಾಗ ಭಾಷೆಗಳಲ್ಲಿ ಸಾಧಾರಣ, ಗಣಿತದಲ್ಲಿ ಮಾತ್ರ ಮುಂದೆ.

ವ್ಯಾಟ್ ಬಾಲಕನಾಗಿದ್ದಾಗ ಒಲೆಯ ಮೇಲಿನ ಕೆಟಲ್ಲಿನ ಮುಚ್ಚಳ ಉಗಿಯಿಂದ ಕುಣಿಯುವುದನ್ನು ನೋಡಿ ಉಗಿಯಂತ್ರವನ್ನು ಕಂಡುಹಿಡಿದ ಎಂಬ ಕಥೆಯನ್ನು ನೀವೆಲ್ಲ ಕೇಳಿರುತ್ತೀರಿ. ಕಥೆ ಸೊಗಸಾಗಿದೆ, ಆದರೆ ಅದನ್ನು ನಂಬಿ ಕುಳಿತರೆ ನಾವು ಎರಡು ಸತ್ಯಗಳನ್ನು ಕಳೆದುಕೊಳ್ಳುತ್ತೇವೆ. ಮೊದಲನೆಯದು, ಉಗಿಯಂತ್ರವನ್ನು ಮೊದಲು ಮಾಡಿದವನು ವ್ಯಾಟ್ ಅಲ್ಲ. ವ್ಯಾಟ್ ಹುಟ್ಟುವುದಕ್ಕೆ 24 ವರ್ಷ ಮೊದಲೇ, 1712ರಲ್ಲಿ, ಥಾಮಸ್ ನ್ಯೂಕಾಮೆನ್ ಎಂಬ ಇಂಗ್ಲೆಂಡಿನ ಕಬ್ಬಿಣದ ವ್ಯಾಪಾರಿ ಗಣಿಯ ನೀರೆತ್ತುವ ಉಗಿಯಂತ್ರವನ್ನು ನಿಲ್ಲಿಸಿದ್ದ. ಎರಡನೆಯದು, ವ್ಯಾಟ್‌ನ ಸಾಧನೆ ಒಂದು ಕ್ಷಣದ ಹೊಳಹಲ್ಲ. ಅದರ ಹಿಂದೆ ಹನ್ನೆರಡು ವರ್ಷಗಳ ಸೋಲು, ಸಾಲ ಮತ್ತು ಸೋರಿಕೆ ಇದೆ.

ಮುಚ್ಚಿದ ಬಾಗಿಲು, ತೆರೆದ ಬಾಗಿಲು

ವ್ಯಾಟ್ ಹದಿನೇಳು ಹದಿನೆಂಟರ ವಯಸ್ಸಿನಲ್ಲಿದ್ದಾಗ ತಾಯಿ ತೀರಿಕೊಂಡಳು. ತಂದೆಯ ವ್ಯಾಪಾರವೂ ಇಳಿಮುಖವಾಯಿತು. ಮಗ ದುಡಿಯಲೇಬೇಕಾಯಿತು. ಗಣಿತದ ಉಪಕರಣಗಳನ್ನು, ಅಂದರೆ ದಿಕ್ಸೂಚಿ, ಅಳತೆಗೋಲು, ಕೋನಮಾಪಕ ಮುಂತಾದವನ್ನು ತಯಾರಿಸುವ ಕಸುಬು ಕಲಿಯಬೇಕೆಂದು 1755ರಲ್ಲಿ ಲಂಡನ್ನಿಗೆ ಹೋದ. ಜಾನ್ ಮಾರ್ಗನ್ ಎಂಬ ಕುಶಲಕರ್ಮಿಯ ಬಳಿ, 20 ಗಿನಿ ಶುಲ್ಕ ಕೊಟ್ಟು ಒಂದು ವರ್ಷ ಕಲಿತ. ಸಾಮಾನ್ಯವಾಗಿ ಏಳು ವರ್ಷ ಕಲಿಯುವ ವಿದ್ಯೆಯನ್ನು ಒಂದೇ ವರ್ಷದಲ್ಲಿ ಕಲಿಯಬೇಕೆಂದು ಬೆಳಗಿನಿಂದ ರಾತ್ರಿಯವರೆಗೆ ದುಡಿದು ಆರೋಗ್ಯ ಕೆಡಿಸಿಕೊಂಡ. 1756ರಲ್ಲಿ ಊರಿಗೆ ಮರಳಿದ.

ಗ್ಲಾಸ್ಗೋ ನಗರದಲ್ಲಿ ಅಂಗಡಿ ತೆರೆಯಲು ಹೋದಾಗ ಅಡ್ಡಿ ಎದುರಾಯಿತು ಎಂದು ಆತನ ಜೀವನ ಚರಿತ್ರೆಕಾರರು ಬರೆಯುತ್ತಾರೆ. ಅಲ್ಲಿನ ಲೋಹದ ಕೆಲಸಗಾರರ ಸಂಘದ ನಿಯಮದಂತೆ ಏಳು ವರ್ಷ ಶಿಷ್ಯವೃತ್ತಿ ಮಾಡಿರಬೇಕು. ವ್ಯಾಟ್‌ನ ಬಳಿ ಕೈಚಳಕವಿತ್ತು, ಏಳು ವರ್ಷದ ಲೆಕ್ಕವಿರಲಿಲ್ಲ. ಸರ್ಟಿಫಿಕೇಟ್ ಇಲ್ಲದ ಕಾರಣಕ್ಕೆ ಕೆಲಸ ಸಿಗದ ಎಷ್ಟೋ ಯುವಕರನ್ನು ನಾವು ನಮ್ಮ ಊರಿನಲ್ಲೂ ನೋಡಿದ್ದೇವಲ್ಲವೇ?

ಒಂದು ಬಾಗಿಲು ಮುಚ್ಚಿದಾಗ ಮತ್ತೊಂದು ತೆರೆಯಿತು. ಅದೇ ಸಮಯಕ್ಕೆ ಜಮೈಕಾದಲ್ಲಿದ್ದ ಅಲೆಕ್ಸಾಂಡರ್ ಮ್ಯಾಕ್‌ಫರ್ಲೇನ್ ಎಂಬ ತೋಟದ ಒಡೆಯ ಗ್ಲಾಸ್ಗೋ ವಿಶ್ವವಿದ್ಯಾಲಯಕ್ಕೆ ಖಗೋಳ ವೀಕ್ಷಣೆಯ ಉಪಕರಣಗಳನ್ನು ದಾನವಾಗಿ ಬಿಟ್ಟುಹೋಗಿದ್ದ. ಗುಲಾಮರ ಬೆವರಿನಿಂದ ನಡೆಯುತ್ತಿದ್ದ ತೋಟಗಳ ಸಂಪತ್ತು ಅದು ಎಂಬುದನ್ನು ನಾವು ಮರೆಯಬಾರದು. ಸಮುದ್ರಯಾನದ ಉಪ್ಪುಗಾಳಿಗೆ ತುಕ್ಕು ಹಿಡಿದಿದ್ದ ಆ ಉಪಕರಣಗಳನ್ನು ಶುಚಿಗೊಳಿಸಿ ಸರಿಪಡಿಸುವ ಕೆಲಸ ವ್ಯಾಟ್‌ಗೆ ದೊರೆಯಿತು. ಆತನ ಕೆಲಸ ಮೆಚ್ಚಿದ ಪ್ರಾಧ್ಯಾಪಕರು 1757ರಲ್ಲಿ ವಿಶ್ವವಿದ್ಯಾಲಯದ ಆವರಣದಲ್ಲೇ ಒಂದು ಕೋಣೆ ಕೊಟ್ಟು, ವಿಶ್ವವಿದ್ಯಾಲಯದ ಉಪಕರಣ ತಯಾರಕ ಎಂಬ ಸ್ಥಾನವನ್ನೂ ಕೊಟ್ಟರು. ಅಲ್ಲಿ ಉಷ್ಣದ ಬಗ್ಗೆ ಸಂಶೋಧನೆ ನಡೆಸುತ್ತಿದ್ದ ಜೋಸೆಫ್ ಬ್ಲ್ಯಾಕ್, ವಿದ್ಯಾರ್ಥಿಯಾಗಿದ್ದ ಜಾನ್ ರಾಬಿಸನ್ ಮುಂತಾದವರು ಆತನ ಗೆಳೆಯರಾದರು. ಉಗಿಯ ಕಡೆಗೆ ವ್ಯಾಟ್‌ನ ಗಮನ ಸೆಳೆದವನು ಈ ರಾಬಿಸನ್ನೇ. ಕೆಲಸಗಾರನ ಕೋಣೆಗೆ ಪ್ರಾಧ್ಯಾಪಕರು ಬಂದು ಕುಳಿತು ಚರ್ಚೆ ಮಾಡುವಂಥ ವಾತಾವರಣ ಅಲ್ಲಿತ್ತು. ಇದು ಗಮನಿಸಬೇಕಾದ ಮಾತು.

ರಿಪೇರಿಗೆ ಬಂದ ಯಂತ್ರ

ವಿಶ್ವವಿದ್ಯಾಲಯದಲ್ಲಿ ಪಾಠಕ್ಕೆಂದು ನ್ಯೂಕಾಮೆನ್ ಯಂತ್ರದ ಒಂದು ಪುಟ್ಟ ಮಾದರಿ ಇತ್ತು. ಅದು ಕೆಟ್ಟು, ಲಂಡನ್ನಿನ ಹೆಸರಾಂತ ತಯಾರಕನೊಬ್ಬನ ಬಳಿ ರಿಪೇರಿಗೆ ಹೋಗಿತ್ತು. ಅದನ್ನು ತರಿಸಿಕೊಂಡು, 1763ರ ಚಳಿಗಾಲದಲ್ಲಿ ಪ್ರಾಧ್ಯಾಪಕ ಜಾನ್ ಆಂಡರ್ಸನ್ ವ್ಯಾಟ್‌ನ ಕೈಗೊಪ್ಪಿಸಿದರು. ಅದರ ಸಿಲಿಂಡರ್ ಬರೀ 2 ಅಂಗುಲ ಅಗಲ. ಪಿಸ್ಟನ್ ಚಲಿಸುವ ದೂರ 6 ಅಂಗುಲ. ಬಾಯ್ಲರ್ ಸುಮಾರು 9 ಅಂಗುಲ ಅಗಲದ್ದು.

ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಬಾಯ್ಲರಿನಿಂದ ಉಗಿ ಬಂದು ಸಿಲಿಂಡರನ್ನು ತುಂಬುತ್ತದೆ, ಪಿಸ್ಟನ್ ಮೇಲೇರುತ್ತದೆ. ಆಮೇಲೆ ಸಿಲಿಂಡರಿನೊಳಗೆ ತಣ್ಣೀರು ಚಿಮ್ಮಿಸುತ್ತಾರೆ. ಉಗಿ ತಣಿದು ನೀರಾಗುತ್ತದೆ, ಒಳಗೆ ನಿರ್ವಾತ ಉಂಟಾಗುತ್ತದೆ. ಹೊರಗಿನ ಗಾಳಿಯ ಒತ್ತಡ ಪಿಸ್ಟನನ್ನು ಕೆಳಕ್ಕೆ ದೂಡುತ್ತದೆ. ಆಗ ತಕ್ಕಡಿಯಂತಿರುವ ತೊಲೆಯ ಇನ್ನೊಂದು ತುದಿ ಮೇಲೆದ್ದು ಗಣಿಯ ನೀರನ್ನು ಎತ್ತುತ್ತದೆ. ನಮ್ಮ ಹಳ್ಳಿಗಳ ಹಳೆಯ ಏತದ ನೆನಪು ಮಾಡಿಕೊಂಡರೆ ಈ ತೊಲೆಯ ಆಟ ಸುಲಭವಾಗಿ ಅರ್ಥವಾಗುತ್ತದೆ.

ವ್ಯಾಟ್ ಯಂತ್ರದ ದೋಷಗಳನ್ನು ಸರಿಪಡಿಸಿ, ಬೆಂಕಿ ಹಾಕಿದ. ಯಂತ್ರ ಓಡಿತು, ಆದರೆ ಕೆಲವೇ ಸಲ ಮೇಲೆ ಕೆಳಗೆ ಆಡಿ ನಿಂತುಬಿಟ್ಟಿತು. ಬೆಂಕಿಯನ್ನು ಊದಿ ಊದಿ ಜೋರು ಮಾಡಿದರೂ ಉಗಿ ಸಾಲದು. ನೋಡಲು ಬಾಯ್ಲರ್ ಸಾಕಷ್ಟು ದೊಡ್ಡದಾಗಿಯೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ಬಾಯ್ಲರ್ ಸರಿಯಿಲ್ಲ, ದೊಡ್ಡದು ಹಾಕಿಸಿ ಎಂದು ಹೇಳಿ ಕೂಲಿ ತೆಗೆದುಕೊಂಡು ಕೈ ತೊಳೆದುಕೊಳ್ಳುತ್ತಿದ್ದರು. ವ್ಯಾಟ್ ಚಿಮ್ಮಿಸುವ ತಣ್ಣೀರಿನ ಪ್ರಮಾಣ ಕಡಿಮೆ ಮಾಡಿ, ಎತ್ತಬೇಕಾದ ನೀರಿನ ಭಾರವನ್ನೂ ತಗ್ಗಿಸಿ ಯಂತ್ರ ಓಡುವಂತೆ ಮಾಡಿದ. ರಿಪೇರಿ ಅಲ್ಲಿಗೆ ಮುಗಿಯಿತು. ಆದರೆ ಆತನ ಮನಸ್ಸಿನ ಪ್ರಶ್ನೆ ಮುಗಿಯಲಿಲ್ಲ. ಇಷ್ಟೊಂದು ಉಗಿ ಎಲ್ಲಿ ಹೋಗುತ್ತಿದೆ?

ಕಳೆದುಹೋದ ಉಗಿಯ ಲೆಕ್ಕ

ಒಂದು ಉತ್ತರ ಬೇಗ ಹೊಳೆಯಿತು. ಮದುವೆ ಮನೆಯ ದೊಡ್ಡ ದೇಗ್‌ನಲ್ಲಿ ಬಿರಿಯಾನಿ ಗಂಟೆಗಟ್ಟಲೆ ಬಿಸಿಯಾಗಿರುತ್ತದೆ. ಅದನ್ನೇ ಸಣ್ಣ ಬಟ್ಟಲಿಗೆ ಹಾಕಿದರೆ ಕೆಲ ನಿಮಿಷಗಳಲ್ಲಿ ಆರಿಹೋಗುತ್ತದೆ. ಪಾತ್ರೆ ಸಣ್ಣದಾದಷ್ಟೂ ಒಳಗಿನ ಪದಾರ್ಥಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು, ಹೀಗಾಗಿ ಶಾಖ ಬೇಗ ಹೊರಟುಹೋಗುತ್ತದೆ. ದೊಡ್ಡ ಯಂತ್ರವನ್ನು ಹಾಗೆಯೇ ಚಿಕ್ಕದು ಮಾಡಿದರೆ ಅದು ಚಿಕ್ಕ ಯಂತ್ರವಾಗಿ ಓಡುವುದಿಲ್ಲ ಎಂಬ ಪಾಠ ಇದು. ಮಾದರಿಯ ಸಿಲಿಂಡರ್ ಹಿತ್ತಾಳೆಯದು. ದೊಡ್ಡ ಯಂತ್ರಗಳ ಎರಕದ ಕಬ್ಬಿಣಕ್ಕಿಂತ ಹಿತ್ತಾಳೆ ಶಾಖವನ್ನು ಬೇಗ ಹೊರಬಿಡುತ್ತದೆ.

ಆದರೆ ವ್ಯಾಟ್ ಇಷ್ಟಕ್ಕೇ ನಿಲ್ಲದೆ ಅಳೆಯತೊಡಗಿದ. ಶಾಖ ಹೋಗದಿರಲೆಂದು ಮರದ ಸಿಲಿಂಡರ್ ತಯಾರಿಸಿ, ಅಗಸೆ ಎಣ್ಣೆಯಲ್ಲಿ ನೆನೆಸಿ ಒಣಗಿಸಿ ಪ್ರಯೋಗ ಮಾಡಿದ. ಎಷ್ಟು ನೀರು ಆವಿಯಾಯಿತು ಎಂದು ಕಣ್ಣಿಗೆ ಕಾಣುವಂಥ ಬಾಯ್ಲರ್ ಮಾಡಿ ಲೆಕ್ಕ ಬರೆದ. ನೀರು ಉಗಿಯಾದರೆ ಸುಮಾರು 1800 ಪಟ್ಟು ಜಾಗ ಆಕ್ರಮಿಸುತ್ತದೆ ಎಂದು ಕಂಡುಕೊಂಡ. ಸಿಲಿಂಡರ್ ತುಂಬಲು ಬೇಕಾದುದಕ್ಕಿಂತ ಹಲವು ಪಟ್ಟು ಉಗಿ ಪ್ರತಿ ಸಲವೂ ಖರ್ಚಾಗುತ್ತಿದೆ ಎಂಬುದು ಲೆಕ್ಕದಿಂದ ಹೊರಬಿತ್ತು.

ಇನ್ನೊಂದು ವಿಚಿತ್ರವೂ ಕಂಡಿತು. ಒಂದು ಪಾಲು ಉಗಿಯನ್ನು ತಣ್ಣೀರಿಗೆ ಬಿಟ್ಟರೆ ಅದು ತನ್ನ ತೂಕದ ಆರು ಪಟ್ಟು ನೀರನ್ನು ಕುದಿಯುವ ಮಟ್ಟಕ್ಕೆ ತರುತ್ತಿತ್ತು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಉಗಿ ತಗುಲಿದ ಅನುಭವ ನಮ್ಮ ಅಮ್ಮಂದಿರಿಗೆಲ್ಲ ಇದೆ. ಕುದಿಯುವ ನೀರಿಗಿಂತ ಉಗಿ ಹೆಚ್ಚು ಸುಡುತ್ತದೆ. ಏಕೆಂದರೆ ನೀರು ಉಗಿಯಾಗುವಾಗ ಉಷ್ಣತೆ ಏರದೆಯೇ ಬಹಳಷ್ಟು ಶಾಖವನ್ನು ಒಳಗೆ ಅಡಗಿಸಿಕೊಳ್ಳುತ್ತದೆ. ಇದನ್ನೇ ಗುಪ್ತೋಷ್ಣ ಎನ್ನುತ್ತೇವೆ. ವ್ಯಾಟ್ ತನ್ನ ಗೊಂದಲವನ್ನು ಜೋಸೆಫ್ ಬ್ಲ್ಯಾಕ್‌ನ ಮುಂದಿಟ್ಟಾಗ, ಅದಾಗಲೇ ಈ ತತ್ವವನ್ನು ಕಂಡುಹಿಡಿದಿದ್ದ ಬ್ಲ್ಯಾಕ್ ಅದನ್ನು ವಿವರಿಸಿದ. ಉಗಿ ಎಂದರೆ ಅಗ್ಗದ ವಸ್ತುವಲ್ಲ, ಅದು ಕಲ್ಲಿದ್ದಲಿನ ಹಣ ಎಂಬುದು ವ್ಯಾಟ್‌ಗೆ ಮನವರಿಕೆಯಾಯಿತು.

ತಪ್ಪು ಎಲ್ಲಿದೆ ಎಂಬುದು ಈಗ ಸ್ಪಷ್ಟವಾಯಿತು. ಒಂದೇ ಸಿಲಿಂಡರನ್ನು ಒಮ್ಮೆ ಬಿಸಿ ಮಾಡಿ, ಒಮ್ಮೆ ತಣ್ಣಗೆ ಮಾಡಿ, ಮತ್ತೆ ಬಿಸಿ ಮಾಡುವುದರಲ್ಲೇ ಬಹುಪಾಲು ಉಗಿ ವ್ಯರ್ಥವಾಗುತ್ತಿತ್ತು. ಉಗಿ ಉಳಿಯಬೇಕಾದರೆ ಸಿಲಿಂಡರ್ ಸದಾ ಬಿಸಿಯಾಗಿರಬೇಕು. ಪಿಸ್ಟನ್ ಇಳಿಯಬೇಕಾದರೆ ಉಗಿ ತಣ್ಣಗಾಗಬೇಕು. ಎರಡೂ ಒಟ್ಟಿಗೆ ಹೇಗೆ ಸಾಧ್ಯ?

1765ರ ವಸಂತದ ಒಂದು ಭಾನುವಾರ ಗ್ಲಾಸ್ಗೋ ಗ್ರೀನ್ ಎಂಬ ಬಯಲಿನಲ್ಲಿ ನಡೆಯುತ್ತಿದ್ದಾಗ ಉತ್ತರ ಹೊಳೆಯಿತು. ಉಗಿಯನ್ನು ಸಿಲಿಂಡರಿನಲ್ಲೇ ತಣಿಸಬೇಕೆಂದು ಯಾರು ಹೇಳಿದರು? ಪಕ್ಕದಲ್ಲಿ ಬೇರೊಂದು ತಣ್ಣನೆಯ ಪಾತ್ರೆ ಇಟ್ಟು, ಅದರಲ್ಲಿ ನಿರ್ವಾತ ಮಾಡಿ, ಕೊಳವೆಯಿಂದ ಜೋಡಿಸಿದರೆ ಉಗಿ ತಾನೇ ಅಲ್ಲಿಗೆ ನುಗ್ಗಿ ನೀರಾಗುತ್ತದೆ. ಸಿಲಿಂಡರ್ ಬಿಸಿಯಾಗಿಯೇ ಉಳಿಯುತ್ತದೆ. ಇದೇ ಪ್ರತ್ಯೇಕ ಕಂಡೆನ್ಸರ್. ಹಿತ್ತಾಳೆಯ ಒಂದು ದೊಡ್ಡ ಸಿರಿಂಜನ್ನೇ ಸಿಲಿಂಡರನ್ನಾಗಿ ಬಳಸಿ ಆತ ಮಾದರಿ ಮಾಡಿ ನೋಡಿದ. ಅದು ಕೆಲಸ ಮಾಡಿತು. ಆಗ ವ್ಯಾಟ್‌ಗೆ 29 ವರ್ಷ.

ಸೋರಿಕೆಯ ವರ್ಷಗಳು

ಕಥೆ ಇಲ್ಲಿಗೆ ಮುಗಿಯಿತೆಂದು ಭಾವಿಸಬೇಡಿ. ಕಷ್ಟ ಆರಂಭವಾದುದೇ ಇಲ್ಲಿಂದ. ಮೇಜಿನ ಮೇಲೆ ಓಡಿದ ಮಾದರಿ ದೊಡ್ಡದಾದಾಗ ಓಡಲಿಲ್ಲ. ಕಾರಣ ಒಂದೇ, ಸೋರಿಕೆ.

ನ್ಯೂಕಾಮೆನ್ ಯಂತ್ರದಲ್ಲಿ ಪಿಸ್ಟನ್ ಮೇಲೆ ನೀರು ನಿಲ್ಲಿಸಿ ಸಂದು ಮುಚ್ಚುತ್ತಿದ್ದರು. ವ್ಯಾಟ್‌ನ ಸಿಲಿಂಡರ್ ಬಿಸಿಯಾಗಿರಬೇಕಾದ್ದರಿಂದ ನೀರು ನಿಲ್ಲಿಸುವಂತಿಲ್ಲ. ಆ ಕಾಲದ ಕಮ್ಮಾರರ ಕೈಯಲ್ಲಿ ದುಂಡನೆಯ ಸಿಲಿಂಡರ್ ಮಾಡಿಸುವುದೇ ಕಷ್ಟ. ಅಂಕುಡೊಂಕಾದ ಸಿಲಿಂಡರಿನ ಸಂದಿನಿಂದ ಉಗಿ ಹೊರಹೋಗುತ್ತಿತ್ತು, ಗಾಳಿ ಒಳಬರುತ್ತಿತ್ತು. ಆತ ಸಂದು ಮುಚ್ಚಲು ಬಿರಟೆಯ ತೊಗಟೆ, ಎಣ್ಣೆ ಬಟ್ಟೆ, ನಾರು, ರಟ್ಟು, ಹಳೆಯ ಟೋಪಿಯ ಉಣ್ಣೆ, ಕೊನೆಗೆ ಕುದುರೆ ಲದ್ದಿಯನ್ನೂ ಬಳಸಿ ನೋಡಿದ. ಇಂದು ನಮ್ಮ ಅಡುಗೆಮನೆಯ ಕುಕ್ಕರಿನಲ್ಲಿ ಒಂದು ರಬ್ಬರ್ ಗ್ಯಾಸ್ಕೆಟ್ ಮಾಡುವ ಕೆಲಸಕ್ಕಾಗಿ ಆತ ವರ್ಷಗಟ್ಟಲೆ ಪರದಾಡಿದ.

ಹಣವೂ ಸೋರುತ್ತಿತ್ತು. 1764ರಲ್ಲಿ ಸೋದರ ಸಂಬಂಧಿಯಾದ ಮಾರ್ಗರೆಟ್ ಮಿಲ್ಲರಳನ್ನು ವಿವಾಹವಾಗಿದ್ದ. ಮಕ್ಕಳಾದರು. ಪ್ರಯೋಗಗಳಿಗಾಗಿ ಮಾಡಿದ ಸಾಲ ಬೆಳೆಯಿತು. ಜಾನ್ ರೋಬಕ್ ಎಂಬ ಉದ್ಯಮಿ ಸುಮಾರು 1000 ಪೌಂಡ್ ಸಾಲವನ್ನು ವಹಿಸಿಕೊಂಡು, ಪ್ರತಿಯಾಗಿ ಆವಿಷ್ಕಾರದಲ್ಲಿ ಮೂರನೇ ಎರಡು ಪಾಲು ಪಡೆದ. 1769ರ ಜನವರಿಯಲ್ಲಿ ಪೇಟೆಂಟ್ ದೊರೆಯಿತು. ಅದೇ ವರ್ಷ ಕಿನೀಲ್ ಎಂಬಲ್ಲಿ ರೋಬಕ್‌ನ ಮನೆಯ ಹಿಂದೆ 18 ಅಂಗುಲ ಸಿಲಿಂಡರಿನ ಯಂತ್ರ ಕಟ್ಟಿದರು. ಅದು ಸೋರಿತು, ತೃಪ್ತಿಕರವಾಗಿ ಓಡಲಿಲ್ಲ. ಸಂಸಾರ ನಡೆಯಬೇಕಲ್ಲ, ವ್ಯಾಟ್ ಕಾಲುವೆಗಳ ಸರ್ವೆ ಕೆಲಸಕ್ಕೆ ಹೋದ. ಮಳೆಯಲ್ಲಿ, ಚಳಿಯಲ್ಲಿ ಸರಪಳಿ ಹಿಡಿದು ನೆಲ ಅಳೆದ. ಯಂತ್ರ ಮೂಲೆ ಸೇರಿತು.

1773 ಆತನ ಜೀವನದ ಅತ್ಯಂತ ಕೆಟ್ಟ ವರ್ಷ. ರೋಬಕ್ ದಿವಾಳಿಯಾದ. ದೂರದ ಬೆಟ್ಟನಾಡಿನಲ್ಲಿ ಸರ್ವೆ ನಡೆಸುತ್ತಿದ್ದಾಗ ಹೆಂಡತಿಗೆ ಹೆರಿಗೆಯಲ್ಲಿ ತೊಂದರೆಯಾದ ಸುದ್ದಿ ಬಂತು. ಆತ ಮನೆ ತಲುಪುವ ಹೊತ್ತಿಗೆ ಮಾರ್ಗರೆಟ್ ತೀರಿಕೊಂಡಿದ್ದಳು. ಕೈಯಲ್ಲಿ ತಾಯಿಯಿಲ್ಲದ ಇಬ್ಬರು ಮಕ್ಕಳು, ಎದುರಿಗೆ ಓಡದ ಯಂತ್ರ. ಮೊದಲೇ ತಲೆನೋವು, ನಿರಾಶೆಯ ಸ್ವಭಾವ. ಅಲ್ಲಿಗೇ ಎಲ್ಲವನ್ನೂ ಬಿಟ್ಟಿದ್ದರೆ ಯಾರೂ ಆತನನ್ನು ದೂರುತ್ತಿರಲಿಲ್ಲ.

ಬರ್ಮಿಂಗ್‌ಹ್ಯಾಮ್

ಆತ ಬಿಡಲಿಲ್ಲ. ರೋಬಕ್‌ಗೆ ಸಾಲ ಕೊಟ್ಟಿದ್ದ ಬರ್ಮಿಂಗ್‌ಹ್ಯಾಮಿನ ಉದ್ಯಮಿ ಮ್ಯಾಥ್ಯೂ ಬೌಲ್ಟನ್ ತನಗೆ ಬರಬೇಕಾದ 1200 ಪೌಂಡಿನ ಬದಲು ಪೇಟೆಂಟಿನ ಪಾಲನ್ನು ತೆಗೆದುಕೊಂಡ. ದಿವಾಳಿಯ ಆಸ್ತಿಯಲ್ಲಿ ಆ ಪಾಲಿಗೆ ಬೆಲೆಯಿದೆ ಎಂದು ಇತರ ಸಾಲಗಾರರಿಗೆ ಅನ್ನಿಸಿಯೇ ಇರಲಿಲ್ಲ. 1774ರಲ್ಲಿ ವ್ಯಾಟ್ ಮಕ್ಕಳನ್ನು ಕಟ್ಟಿಕೊಂಡು ಬರ್ಮಿಂಗ್‌ಹ್ಯಾಮಿಗೆ ಹೋದ. ಬೌಲ್ಟನ್ ಧೈರ್ಯಶಾಲಿ, ಮಾತುಗಾರ, ವ್ಯಾಪಾರ ಬಲ್ಲವನು. ವ್ಯಾಟ್ ಅಂಜುಬುರುಕ, ಮಿತಭಾಷಿ. ಇಬ್ಬರ ಜೋಡಿ ಕೂಡಿಬಂತು. 1775ರಲ್ಲಿ ಸಂಸತ್ತು ಪೇಟೆಂಟಿನ ಅವಧಿಯನ್ನು 1800ರವರೆಗೆ ವಿಸ್ತರಿಸಿತು.

ಸೋರಿಕೆಯ ಸಮಸ್ಯೆಯನ್ನು ಬಗೆಹರಿಸಿದವನು ಮೂರನೆಯ ವ್ಯಕ್ತಿ, ಜಾನ್ ವಿಲ್ಕಿನ್‌ಸನ್. ಫಿರಂಗಿಗಳನ್ನು ಕೊರೆಯಲು ಆತ 1774ರಲ್ಲಿ ಹೊಸ ಯಂತ್ರ ರೂಪಿಸಿದ್ದ. ಅದೇ ತಂತ್ರದಿಂದ ಸಿಲಿಂಡರುಗಳನ್ನೂ ಕೊರೆದ. 50 ಅಂಗುಲ ಅಗಲದ ಸಿಲಿಂಡರಿನಲ್ಲಿ ಒಂದು ಹಳೆಯ ನಾಣ್ಯದ ದಪ್ಪದಷ್ಟೂ ವ್ಯತ್ಯಾಸ ಬರದಂತೆ ಕೊರೆಯಲು ಸಾಧ್ಯವಾಯಿತು. ವಿನಾಶಕ್ಕಾಗಿ ಹುಟ್ಟಿದ ವಿದ್ಯೆ ದುಡಿಮೆಗೂ ಒದಗಿತು. 1776ರಲ್ಲಿ ಒಂದು ಕಲ್ಲಿದ್ದಲ ಗಣಿಯಲ್ಲಿ ಮತ್ತು ವಿಲ್ಕಿನ್‌ಸನ್ನನ ಕಬ್ಬಿಣದ ಕುಲುಮೆಯಲ್ಲಿ ವ್ಯಾಟ್‌ನ ಮೊದಲ ಎರಡು ದೊಡ್ಡ ಯಂತ್ರಗಳು ಓಡಿದವು. ರಿಪೇರಿಗೆ ಬಂದ ಮಾದರಿಯಿಂದ ಇಲ್ಲಿಯವರೆಗೆ ಹನ್ನೆರಡು ವರ್ಷಗಳೇ ಉರುಳಿದ್ದವು.

ಹೊಸ ಯಂತ್ರ ಹಳೆಯದಕ್ಕೆ ಬೇಕಾಗಿದ್ದ ಕಲ್ಲಿದ್ದಲಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಉಳಿಸಿತು. ಉಳಿಸಿದ ಇಂಧನದ ಬೆಲೆಯಲ್ಲಿ ಮೂರನೇ ಒಂದು ಪಾಲನ್ನು ಬೌಲ್ಟನ್ ಮತ್ತು ವ್ಯಾಟ್ ಶುಲ್ಕವಾಗಿ ಪಡೆಯುತ್ತಿದ್ದರು. ಗಣಿಯ ನೀರೆತ್ತುವ ಯಂತ್ರ ಕಾರ್ಖಾನೆಯ ಚಕ್ರವನ್ನೂ ತಿರುಗಿಸಬೇಕಾದಾಗ ಇನ್ನೊಂದು ತೊಡಕು ಬಂತು. ಮೇಲೆ ಕೆಳಗಿನ ಚಲನೆಯನ್ನು ಸುತ್ತುವ ಚಲನೆಯಾಗಿಸಲು ಕ್ರ್ಯಾಂಕ್ ಬೇಕು. ಅದನ್ನು ಉಗಿಯಂತ್ರಕ್ಕೆ ಬಳಸುವ ಹಕ್ಕನ್ನು 1780ರಲ್ಲಿ ಬೇರೊಬ್ಬ ಪಡೆದುಬಿಟ್ಟಿದ್ದ. ಕ್ರ್ಯಾಂಕ್ ಏನೂ ಹೊಸದಲ್ಲ. 1206ರಲ್ಲಿ ತನ್ನ ಯಂತ್ರಗಳ ಪ್ರಸಿದ್ಧ ಗ್ರಂಥವನ್ನು ಪೂರ್ಣಗೊಳಿಸಿದ ಅಲ್-ಜಝರಿ ಎಂಬ ಮುಸ್ಲಿಂ ಯಂತ್ರಶಿಲ್ಪಿ ನೀರೆತ್ತುವ ಸಾಧನದಲ್ಲಿ ಅದನ್ನು ಬಳಸಿದ್ದ. ವಿದ್ಯೆ ಯಾವ ಒಂದು ದೇಶದ, ಒಂದು ಜನಾಂಗದ ಸ್ವತ್ತೂ ಅಲ್ಲ ಎಂಬುದಕ್ಕೆ ಇದೊಂದು ನಿದರ್ಶನ. ಅದಿರಲಿ, ವ್ಯಾಟ್ 1781ರಲ್ಲಿ ಹಲ್ಲುಚಕ್ರಗಳ ಬೇರೊಂದು ಜೋಡಣೆಯಿಂದ ಆ ಅಡ್ಡಿಯನ್ನು ದಾಟಿದ. 1782ರಲ್ಲಿ ಪಿಸ್ಟನಿನ ಎರಡೂ ಕಡೆಯಿಂದ ಉಗಿ ದೂಡುವ ವ್ಯವಸ್ಥೆಗೆ ಪೇಟೆಂಟ್ ಪಡೆದ. 1788ರಲ್ಲಿ ವೇಗವನ್ನು ತಾನೇ ಹತೋಟಿಯಲ್ಲಿಡುವ ಗವರ್ನರನ್ನು ಅಳವಡಿಸಿದ. ಒಂದು ಕುದುರೆ ನಿಮಿಷಕ್ಕೆ 33,000 ಪೌಂಡ್ ತೂಕವನ್ನು ಒಂದು ಅಡಿ ಎತ್ತುತ್ತದೆ ಎಂದು ಲೆಕ್ಕಹಾಕಿ ಅಶ್ವಶಕ್ತಿ ಎಂಬ ಮಾನವನ್ನು ಬಳಕೆಗೆ ತಂದ. ನಮ್ಮ ರೈತರ ಪಂಪ್‌ಸೆಟ್ಟುಗಳ ಎಚ್‌.ಪಿ. ಇದೇ.

ಗುಣದ ಜೊತೆ ದೋಷ

ದೊಡ್ಡವರ ಜೀವನ ಓದುವಾಗ ಅವರ ತಪ್ಪುಗಳನ್ನೂ ಓದಬೇಕು. ಪೇಟೆಂಟ್ ಇದ್ದಷ್ಟು ಕಾಲ ವ್ಯಾಟ್ ಮತ್ತು ಬೌಲ್ಟನ್ ಇತರ ಯಂತ್ರಶಿಲ್ಪಿಗಳನ್ನು ಕೋರ್ಟಿಗೆ ಎಳೆದರು. ಜೊನಾಥನ್ ಹಾರ್ನ್‌ಬ್ಲೋವರ್‌ನಂಥ ಪ್ರತಿಭಾವಂತರ ದಾರಿ ಇದರಿಂದ ಕಟ್ಟಿತು. 1799ರ ಜನವರಿಯಲ್ಲಿ ವ್ಯಾಟ್‌ನ ಪರವಾಗಿ ಅಂತಿಮ ತೀರ್ಪು ಬಂತು. ಅದೇ ವರ್ಷದ ಮಾರ್ಚ್ 27ರಂದು ನಮ್ಮ ಮಳವಳ್ಳಿಯ ಬಯಲಿನಲ್ಲಿ ಹಜರತ್ ಟಿಪ್ಪು ಸುಲ್ತಾನರ ಸೈನ್ಯ ಬ್ರಿಟಿಷರನ್ನು ಎದುರಿಸಿತು, ಮೇ 4ರಂದು ಸುಲ್ತಾನರು ಶ್ರೀರಂಗಪಟ್ಟಣದಲ್ಲಿ ಹುತಾತ್ಮರಾದರು ಎಂದು ನೆನೆದರೆ ಆ ಕಾಲ ನಮಗೆ ಹತ್ತಿರವಾಗುತ್ತದೆ.

ಹೆಚ್ಚು ಒತ್ತಡದ ಉಗಿಯ ಬಗ್ಗೆ ವ್ಯಾಟ್‌ಗೆ ಭಯವಿತ್ತು. ಬಾಯ್ಲರ್ ಸಿಡಿದರೆ ಜೀವ ಹೋಗುತ್ತದೆ ಎಂಬ ಭಯ ಸುಳ್ಳಲ್ಲ. ಆದರೆ ಆ ಭಯದಿಂದ ಆತ ಬೇರೆಯವರ ಪ್ರಯತ್ನವನ್ನೂ ವಿರೋಧಿಸಿದ. ಪೇಟೆಂಟ್ ಮುಗಿದ ಮೇಲೆ ರಿಚರ್ಡ್ ಟ್ರೆವಿಥಿಕ್ ಹೆಚ್ಚು ಒತ್ತಡದ ಚಿಕ್ಕ ಯಂತ್ರಗಳನ್ನು ಮಾಡಿ, 1804ರಲ್ಲಿ ಹಳಿಯ ಮೇಲೆ ಓಡಿಸಿ ತೋರಿಸಿದ. ರೈಲು ಹುಟ್ಟಿದ್ದು ಆ ದಾರಿಯಿಂದ. 1882ರ ಹೊತ್ತಿಗೆ ಬೆಂಗಳೂರಿನಿಂದ ಮದ್ದೂರು, ಮಂಡ್ಯ ದಾಟಿ ಮೈಸೂರಿಗೆ ಉಗಿಬಂಡಿ ಬಂತು. 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಮೈಸೂರು ಸಕ್ಕರೆ ಕಂಪನಿಯಲ್ಲಿ ಕಬ್ಬಿನ ಸಿಪ್ಪೆ ಉರಿಸಿ ಉಗಿ ಮಾಡುವ ಬಾಯ್ಲರುಗಳು ಬಂದವು.

ಕೊನೆಯ ದಿನಗಳು

1800ರಲ್ಲಿ ವ್ಯಾಟ್ ವ್ಯಾಪಾರವನ್ನು ಮಗನಿಗೆ ಬಿಟ್ಟು ನಿವೃತ್ತನಾದ. 1776ರಲ್ಲಿ ಆನ್ ಮ್ಯಾಕ್‌ಗ್ರೆಗರಳನ್ನು ಎರಡನೇ ಮದುವೆಯಾಗಿದ್ದ. ಆಕೆಯಲ್ಲಿ ಹುಟ್ಟಿದ ಮಗಳು ಜೆಸ್ಸಿ ಮತ್ತು ಮಗ ಗ್ರೆಗರಿ ಇಬ್ಬರೂ ಎಳೆಯ ವಯಸ್ಸಿನಲ್ಲೇ ಕ್ಷಯದಿಂದ ತೀರಿಕೊಂಡರು. ದುಃಖವನ್ನು ಮರೆಯಲು ಆತ ಮನೆಯ ಅಟ್ಟದ ಮೇಲಿನ ಕಾರ್ಯಾಗಾರ ಸೇರಿದ. ಶಿಲ್ಪಗಳನ್ನು ನಕಲು ಮಾಡುವ ಯಂತ್ರವನ್ನು ತಯಾರಿಸುತ್ತ, ಅದನ್ನು ಸುಧಾರಿಸುತ್ತ ಉಳಿದ ವರ್ಷಗಳನ್ನು ಕಳೆದ. 1819ರ ಆಗಸ್ಟ್ 25ರಂದು 83ನೇ ವಯಸ್ಸಿನಲ್ಲಿ ನಿಧನನಾದ. ಹ್ಯಾಂಡ್ಸ್‌ವರ್ತ್‌ನ ಚರ್ಚಿನಲ್ಲಿ ಆತನ ಸಮಾಧಿಯಿದೆ. ಗೆಳೆಯ ಬೌಲ್ಟನ್ ಸಮಾಧಿಯಾದುದೂ ಅಲ್ಲಿಯೇ. 1882ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳ ಸಂಘ ಶಕ್ತಿಯ ಮಾನಕ್ಕೆ ಆತನ ಹೆಸರನ್ನಿಟ್ಟಿತು. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಆತ ರಿಪೇರಿ ಮಾಡಿದ ಆ ಪುಟ್ಟ ಮಾದರಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಇಂದಿಗೂ ಭದ್ರವಾಗಿದೆ.

ನಮಗೇನು ಪಾಠ?

ವಿದ್ಯಾರ್ಥಿಗಳೇ, ನಿಮಗೊಂದು ಮಾತು. ರಿಪೇರಿ ಕೆಲಸವನ್ನು ಕೀಳೆಂದು ಭಾವಿಸಬೇಡಿ. ನಮ್ಮ ಕಿರುಗಾವಲಿನ ಎಷ್ಟೋ ಮನೆಗಳಲ್ಲಿ ತಂದೆ, ಅಣ್ಣ, ಚಿಕ್ಕಪ್ಪ ಗ್ಯಾರೇಜ್, ವೆಲ್ಡಿಂಗ್, ಮೋಟಾರ್ ರೀವೈಂಡಿಂಗ್ ಕೆಲಸ ಮಾಡುತ್ತಾರೆ. ಆ ಕೈಗೆ ಅಳತೆ ಮತ್ತು ಲೆಕ್ಕ ಸೇರಿದರೆ ಅದೇ ವಿಜ್ಞಾನ. ಒಡೆದುದನ್ನು ಸರಿಪಡಿಸಿದ ಮೇಲೆ, ಇದು ಏಕೆ ಒಡೆಯಿತು ಎಂದು ಕೇಳುವುದೇ ಮಿಸ್ತ್ರಿಗೂ ವ್ಯಾಟ್‌ಗೂ ಇರುವ ವ್ಯತ್ಯಾಸ.

ಉಗಿಯ ಮಾದರಿ ಮಾಡುವ ಆಸೆ ಇರುವವರಿಗೆ ಕೆಲವು ಎಚ್ಚರಿಕೆಗಳು. ದೊಡ್ಡವರಿಲ್ಲದೆ ಬಾಯ್ಲರಿಗೆ ಬೆಂಕಿ ಹಚ್ಚಬೇಡಿ. ಕುಕ್ಕರಿಗಿರುವಂತೆ ಸೇಫ್ಟಿ ವಾಲ್ವ್ ಇರಲೇಬೇಕು. ಸೋರಿಕೆ ಎಲ್ಲಿದೆ ಎಂದು ಉಗಿಯಿಂದ ಪರೀಕ್ಷಿಸಬೇಡಿ. ಬಾಯ್ಲರನ್ನು ಗಾಳಿ ಉಳಿಯದಂತೆ ತಣ್ಣೀರಿನಿಂದ ತುಂಬಿ ಪಂಪಿನಿಂದ ನೀರನ್ನೇ ಒತ್ತಿ. ನೀರು ಕುಗ್ಗುವುದಿಲ್ಲವಾದ್ದರಿಂದ ಬಿರುಕು ಬಿಟ್ಟರೂ ಸಿಡಿಯುವುದಿಲ್ಲ, ಹನಿ ತೊಟ್ಟಿಕ್ಕಿ ಜಾಗ ತೋರಿಸುತ್ತದೆ. ತವರ ಮತ್ತು ಸೀಸದ ಸಾಮಾನ್ಯ ಬೆಸುಗೆ ಸುಮಾರು 190 ಡಿಗ್ರಿಗೆ ಕರಗುತ್ತದೆ. ಒಳಗೆ ನೀರಿರುವವರೆಗೆ ತಗಡು ಅಷ್ಟು ಕಾಯುವುದಿಲ್ಲ, ನೀರು ಆರಿದೊಡನೆ ಕರಗುತ್ತದೆ. ಆದ್ದರಿಂದ ನೀರು ಮುಗಿಯುವ ಮುನ್ನ ಬೆಂಕಿ ಆರಿಸಬೇಕು. ಅಂಟು, ಮೇಣಗಳನ್ನು ನಂಬಬೇಡಿ. ಒತ್ತಡವಿರುವಾಗ ಬಾಯ್ಲರನ್ನು ಕೈಯಿಂದ ಮುಟ್ಟಲೂ ಬೇಡಿ.

ಸಂಘದ ಹಿರಿಯ ಸದಸ್ಯರಲ್ಲಿ ಒಂದು ವಿನಂತಿ. ನಾವು ಪ್ರತಿಭಾ ಪುರಸ್ಕಾರ ಕೊಡುತ್ತೇವೆ, ನೋಟ್‌ಬುಕ್ ಹಂಚುತ್ತೇವೆ. ಒಳ್ಳೆಯದೇ. ಅದರ ಜೊತೆಗೆ ಒಂದು ಸಣ್ಣ ಕೋಣೆ, ಒಂದು ಗಟ್ಟಿ ಮೇಜು, ವೈಸ್, ಅರ, ಇಕ್ಕಳ, ಬೆಸುಗೆ ಕಡ್ಡಿ, ಮತ್ತು ವಾರಕ್ಕೊಮ್ಮೆ ಬಂದು ಕುಳಿತುಕೊಳ್ಳುವ ಒಬ್ಬ ಅನುಭವಿ ಮಿಸ್ತ್ರಿ, ಇಷ್ಟನ್ನು ಮಕ್ಕಳಿಗೆ ಒದಗಿಸಲಾರೆವೇ? ಗ್ಲಾಸ್ಗೋದ ಪ್ರಾಧ್ಯಾಪಕರು ವ್ಯಾಟ್‌ಗೆ ಕೊಟ್ಟಿದ್ದು ಪದಕವನ್ನಲ್ಲ, ಒಂದು ಕೋಣೆಯನ್ನು.

ಇನ್ನು ನನ್ನ ಆ ವಿದ್ಯಾರ್ಥಿಯ ವಿಷಯ. ಈಗ ಆತ ಐಟಿಐ ಓದುತ್ತಿದ್ದಾನೆ. ಈ ಲೇಖನ ಬರೆಯುವ ಮುನ್ನ ಆತನ ಮನೆಗೆ ಹೋಗಿ, ಆ ದಿನ ನಾನು ತಪ್ಪು ಮಾಡಿದೆ ಎಂದು ಹೇಳಿದೆ. ಹುಡುಗ ನಾಚಿಕೊಂಡು ನಕ್ಕ. ಒಳಗಿನಿಂದ ಅವನ ಅಮ್ಮಿ ಚಹಾ ಕಳುಹಿಸಿದರು. ಅಟ್ಟದಲ್ಲಿ ಹುಡುಕಿದಾಗ ಆ ತಗಡಿನ ಡಬ್ಬಿ ತುಕ್ಕು ಹಿಡಿದು ಬಿದ್ದಿತ್ತು. ಇದು ಇನ್ನು ಪ್ರಯೋಜನವಿಲ್ಲ ಸಾರ್, ತಾಮ್ರದ ಹಾಳೆಯಲ್ಲಿ ಹೊಸದು ಮಾಡಬೇಕು, ಅಂಚನ್ನು ಮಡಚಿ ರಿವಿಟ್ ಹಾಕಿ ಆಮೇಲೆ ಬೆಸೆಯಬೇಕು ಎಂದ. ಇಷ್ಟು ವರ್ಷವೂ ಅವನು ಅದನ್ನು ಮರೆತಿರಲಿಲ್ಲ. ತಾಮ್ರದ ಹಾಳೆ ತಂದುಕೊಡುವ ಜವಾಬ್ದಾರಿಯನ್ನು ನಾನು ವಹಿಸಿಕೊಂಡಿದ್ದೇನೆ.